ಸಿಂಹವನ್ನು ಕಂಡಿರದವನು

ಈ ಕಲ್ಲುಬಾನಿಯನ್ನು ಕಡೆದವನು ಸಿಂಹವನ್ನು ಕಂಡಿರಲಿಲ್ಲ.
ನೋಡಿದರೇ ಗೊತ್ತಾಗುತ್ತದೆ.
ನಾಯಿಯ ಮೈ, ಕುರಿಯ ಕಿವಿ,
ಬಾಲದ ತುದಿಗೆ ಮೂರೆಲೆಯ ಚಿಗುರು.
ಮುಖ ಮಾತ್ರ ಯಾರದೋ ಸೋದರಮಾವನದು,
ನಿದ್ದೆಯಿಂದ ಎಬ್ಬಿಸಿದ್ದಕ್ಕೆ ತುಸು ಮುನಿದಂತೆ.

ರೀಬೆ ಪೇಟೆಯ ಉಪ್ಪಿನ ವ್ಯಾಪಾರಿಯೊಬ್ಬ
ಹೇಳಿರಬೇಕು ಅವನಿಗೆ:
ಕೊರಳ ಸುತ್ತ ಗಡ್ಡ, ಬೆಕ್ಕಿನ ನಡೆ,
ಕೂಗಿದರೆ ಬಾಗಿಲ ಅಗುಳಿ ಅದುರುತ್ತದೆ.
ಕೇಳಿದ್ದನ್ನು ಇವನು ಕಲ್ಲಿಗೆ ಹೇಳಿದ.
ಕಲ್ಲು ಅರ್ಧ ನಂಬಿತು.

ಬೂದು ಗ್ರಾನೈಟು. ಮಂಜು ಹೊತ್ತು ತಂದು
ಯೂಟ್ಲೆಂಡಿನ ಈ ಬಯಲಲ್ಲಿ ಮರೆತುಹೋದ ಬಂಡೆ.
ಎಂಟುನೂರು ವರ್ಷದಲ್ಲಿ ಒಮ್ಮೆ ಬೆಂಕಿ, ಎರಡು ಸಲ ಸುಣ್ಣ.
ಯಾವನೋ ಪಾದ್ರಿಯ ಕಾಲಕ್ಕೆ ಹಿತ್ತಲು ಸೇರಿ
ಹಂದಿಗಳಿಗೆ ನೀರಿಡಲೂ ಆಯಿತಂತೆ.
ಹಂದಿಗಳು ಹೆದರಿದ ದಾಖಲೆಯಿಲ್ಲ.

ನಾನು ಥೋರಾ. ಗುಂಡಿ ತೋಡುವವಳು,
ಗಂಟೆ ಬಾರಿಸುವವಳು, ಮೇಣದ ಬತ್ತಿ ಎಣಿಸುವವಳು.
ಹೂಳುವ ಕೆಲಸ ಹೆಚ್ಚು, ಮೀಯಿಸುವ ಕೆಲಸ ಕಡಿಮೆ.
ಶಾಲೆ ಮುಚ್ಚಿ ಒಂಬತ್ತು ವರ್ಷ.
ಆದರೂ ಶನಿವಾರ ಶನಿವಾರ
ಬಾನಿಯೊಳಗಿನ ಹಿತ್ತಾಳೆ ತಟ್ಟೆಯನ್ನು ಉಜ್ಜುತ್ತೇನೆ,
ಅಡಿಗೆ ಸೋಡಾ, ಗಂಡನ ಹಳೆಯ ಅಂಗಿಯ ತೋಳು.

ಊರ ಮಕ್ಕಳದೊಂದು ಕಟ್ಟಳೆಯಿದೆ:
ಸಿಂಹದ ಬಾಯಲ್ಲಿ ಬೆರಳಿಟ್ಟು ಆಡಿದ್ದು ಆಣೆ.
ಸೇಬು ಕಿತ್ತಿಲ್ಲ, ಕಿಟಕಿ ಒಡೆದಿಲ್ಲ,
ಅವಳನ್ನು ನಾನು ನೋಡಿಯೇ ಇಲ್ಲ.
ಅಷ್ಟೂ ಕಿರುಬೆರಳುಗಳಿಗೆ ಕೆಳದವಡೆ ಸವೆದು
ಹಸು ನೆಕ್ಕಿದ ಉಪ್ಪಿನ ಗಟ್ಟಿಯ ಹಾಗೆ ಹೊಳೆಯುತ್ತದೆ.

ಎಗೋನ್ ಮಾತ್ರ ಬೆರಳಿಟ್ಟವನಲ್ಲ.
ಅವನಪ್ಪ, ಒಂದು ಬೇಲಿಯ ಜಗಳಕ್ಕೆ,
ಆ ಪಾದ್ರಿಯ ಕೈಯಿಂದ ಮಗನ ತಲೆಗೆ
ಹನಿ ನೀರೂ ಬೀಳಕೂಡದು ಎಂದಿದ್ದ.
ಹುಡುಗರಿಗೆ ಅಷ್ಟು ಸಾಕು:
"ನಿನ್ನನ್ನು ಕಚ್ಚುತ್ತದೆ ನೋಡು."
ಆಗ ಅವನಿಗೆ ಏಳು.
ಆಮೇಲೆ ಗೋಪುರದ ಗಡಿಯಾರಕ್ಕೆ ಎಣ್ಣೆ ಬಿಡಲು
ನಲವತ್ತು ವರ್ಷ ಬಂದ. ಬರುವಾಗ ಗೋಡೆಯಂಚು,
ಹೋಗುವಾಗ ಗೋಡೆಯಂಚು.

ಈ ಮಾರ್ಚಿನಲ್ಲಿ, ಗಾಳಿ ಹೆಂಚು ಕೀಳುತ್ತಿದ್ದ ದಿನ,
ಟೋಪಿಯನ್ನು ಕೈಯಲ್ಲಿ ತಿರುವುತ್ತ ಕೇಳಿದ:
"ಎಂಬತ್ತೆರಡಕ್ಕೆ ತಡವಾಯಿತೇ?"
ಯಾಕೆ ಎಂದು ನಾನು ಕೇಳಲಿಲ್ಲ. ಜಾಗ ಮಾತ್ರ ತೋರಿಸಿದೆ,
ಜಾರುತ್ತದೆ, ಕಂಬ ಹಿಡಿದುಕೋ ಎಂದೆ.

ಭಾನುವಾರ ಫ್ಲಾಸ್ಕಿನಲ್ಲಿ ಬಿಸಿನೀರು ತಂದೆ,
ಕೂಸಿಗೆ ತರುವ ಹಾಗೆಯೇ ತಣ್ಣೀರು ಬೆರೆಸಿ
ಮೊಣಕೈ ಅದ್ದಿ ನೋಡಿದೆ.
ಕನ್ನಡಕ, ಕಿವಿಯ ಯಂತ್ರ ನನ್ನ ಜೇಬಿಗೆ ಬಂದವು.
ಹೊಸ ಪಾದ್ರಿ, ಇನ್ನೂ ಹುಡುಗಿ, ಪುಸ್ತಕ ನೋಡಿ ಕೇಳಿದಳು:
"ಈ ಮಗುವಿನ ಹೆಸರೇನು?"
ಮಗುವಿಗೆ ಕೇಳಿಸಲಿಲ್ಲ.
ಛಾವಣಿಗೆ ತೂಗುಬಿಟ್ಟ ಮರದ ಹಡಗು
ಸುಮ್ಮನೆ ಅರ್ಧ ಸುತ್ತು ತಿರುಗಿತು.
ಎಗೋನ್, ಎಂದು ಕೂಗಿದೆ ನಾನೇ,
ದನ ಹೊಡೆಯುವ ದನಿಯಲ್ಲಿ, ಹನ್ನೊಂದು ಜನರೆದುರು.

ಮೂರು ಬೊಗಸೆ. ನೀರು ಬೋಳುತಲೆಯಿಂದ ಹುಬ್ಬಿಗೆ,
ಹುಬ್ಬಿನಿಂದ ಕಲ್ಲಿಗೆ.

ಎಲ್ಲರೂ ಕಾಫಿಗೆ ಹೊರಟ ಮೇಲೆ
ಟವೆಲು ಹಿಡಿದು ನಿಂತಿದ್ದೆ. ಅವನು ಬಗ್ಗಿದ.
ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದರ ತೋರುಬೆರಳನ್ನು
ಮೆಲ್ಲಗೆ, ಬಿಸಿ ಹಾಲಿಗೆ ಹಾಕುವಂತೆ, ಒಳಗಿಟ್ಟ.
"ಹಲ್ಲೇ ಇಲ್ಲವಲ್ಲೇ ಇದಕ್ಕೆ!" ಎಂದ
ತನ್ನ ಬೊಚ್ಚುಬಾಯಲ್ಲಿ.

ಬೆರಳು ತೆಗೆಯಲಿಲ್ಲ.
ಏನೋ ಹೇಳಿದ ಆಮೇಲೆ, ತುಂಬ ಹೊತ್ತು.
ನಾನು ಕಿಟಕಿಯ ಕಡೆ ತಿರುಗಿಕೊಂಡೆ.
ಯಂತ್ರ ನನ್ನ ಜೇಬಿನಲ್ಲಿತ್ತು,
ಅವನ ಮಾತು ಅವನಿಗೂ ಕೇಳಿರಲಾರದು.

ತಟ್ಟೆಯ ನೀರನ್ನು ಗುಲಾಬಿಯ ಬುಡಕ್ಕೆ ಚೆಲ್ಲಿ ಬಂದು
ಕಲ್ಲನ್ನು ಒರೆಸುವಾಗ ನೋಡಿದೆ:
ಎಲ್ಲ ಆರಿತ್ತು,
ಆ ಕುರಿಯ ಕಿವಿಯೊಂದು ಬಿಟ್ಟು.