ಎರಡನೇ ಶನಿವಾರ, ಮೂರೂವರೆಗೆ

ಆರುನೂರ ಐವತ್ತೆಂಟು ಅಂದರೆ ವ್ಯವಹಾರ ನಿರ್ವಹಣೆ;
ಮುನ್ನೂರ ಮೂವತ್ತೆಂಟು, ಉತ್ಪಾದನೆ, ಬೆಲೆ.
ಈ ಎರಡು ಅಂಕಿಗಳ ನಡುವಿನ ಓಣಿಯಲ್ಲಿ
ಹತ್ತೊಂಬತ್ತು ವರ್ಷ ಓಡಾಡಿದ್ದೇನೆ.
'ನಿಶ್ಶಬ್ದ' ಎಂದು ಗೋಡೆಗೆ ಹೊಡೆದ ಬೋರ್ಡು
ಯಾವಾಗಲೋ ಕಳಚಿ
ನನ್ನ ಗಂಟಲಿಗೆ ಬಂದು ಕೂತಿತ್ತು.

ಹೋದ ಮಾಘದಲ್ಲಿ ಒಬ್ಬ ಹುಡುಗ ಬಂದ, ಸಂಶೋಧನೆಯವನು:
ತೊಂಬತ್ತೊಂದರ ಕಾರ್ತೀಕದಿಂದ ಆರು ತಿಂಗಳು
ಮಂಡ್ಯದ ಪೇಟೆಯಲ್ಲಿ ಬೆಲ್ಲದ ಧಾರಣೆ ಎಷ್ಟಿತ್ತು, ಮೇಡಂ?
ಮೂರು ದಿನ ಹುಡುಕಿದೆ. ವರದಿಗಳ ಬೆನ್ನು ತಡವಿದೆ,
ರಟ್ಟು ಹಾರಿದ ಗೆಜೆಟ್ಟುಗಳ ಧೂಳಿಗೆ ಸೀನಿದೆ.
ಇಲ್ಲಪ್ಪ, ಎಂದೆ.
ಅವನು ಥ್ಯಾಂಕ್ಸ್ ಹೇಳಿ ಹೋದ ರೀತಿಗೆ
ಅವತ್ತು ಊಟ ಸೇರಲಿಲ್ಲ.

ಎರಡು ತಿಂಗಳಿಗೆ ಚಾಮರಾಜಪುರಂನಲ್ಲಿ ಒಂದು ಮದುವೆ.
ಪಂಕ್ತಿಯಲ್ಲಿ ಪಕ್ಕದ ಎಲೆಯವರು
ಹೋಳಿಗೆಗೆ ತುಪ್ಪ ಬಿಡಿಸಿಕೊಳ್ಳುತ್ತ ಅಂದರು:
"ಬೆಲ್ಲದ ಧಾರಣೆಯಾ? ನಮ್ಮ ಆಫೀಸಿನ ಬೀರುವಿನಲ್ಲಿ
ಎಂಬತ್ತನೇ ಇಸವಿಯಿಂದ ಕಟ್ಟುಕಟ್ಟು ಐತೆ ಕಣಮ್ಮ.
ಯಾರೂ ಬಂದು ಕೇಳಲೇ ಇಲ್ಲವಲ್ಲ."

ನಲವತ್ತೈದು ಕಿಲೋಮೀಟರು.
ಕೇಳುವವನು ಇಲ್ಲಿ, ಉತ್ತರ ಅಲ್ಲಿ,
ನಡುವೆ ನಾನು, ಬೋರ್ಡು ನುಂಗಿದವಳು.

ಅವತ್ತೇ ರಾತ್ರಿ ಫೋನು ಹಿಡಿದು ಕೂತೆ.
ಸಂಘ ಅಲ್ಲ ಕಣ್ರೀ, ಎಂದೆ ಒಬ್ಬೊಬ್ಬರಿಗೂ.
ಸಂಘವೆಂದರೆ ಅಧ್ಯಕ್ಷರು, ಅವರಿಗೊಂದು ಮೈಸೂರು ಪೇಟ,
ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆಗೇ ಅರ್ಧ ಗಂಟೆ.
ಇದು ಬರೀ ಕಾಫಿ.
ಎರಡನೇ ಶನಿವಾರ, ಮೂರೂವರೆಗೆ,
ಅಗ್ರಹಾರದ ಹತ್ತಿರ, ಮೂಲೆಯ ಹೋಟೆಲು,
ಫ್ಯಾನು ತಿರುಗುವ ಟೇಬಲ್ಲು.

ಇಪ್ಪತ್ತಾರು ಜನಕ್ಕೆ ಹೇಳಿದ್ದೆ. ಬಂದವರು ಮೂವರು.

ಗ್ಲಾಡಿಸ್. ಮೇಟಗಳ್ಳಿಯ ಕಾರ್ಖಾನೆಯ ಗ್ರಂಥಾಲಯ ಮುಚ್ಚಿ
ನಾಲ್ಕು ವರ್ಷವಾದರೂ ಬೀಗದ ಕೈ
ಇವರ ಪರ್ಸಿನಲ್ಲೇ ಇದೆ; ಯಾರೂ ವಾಪಸು ಕೇಳಿಲ್ಲ.
ಮುಬೀನಾ. ಊದುಬತ್ತಿ ಹೊಸೆಯುವ ಮನೆಗಳನ್ನು
ಉದಯಗಿರಿಯ ಗಲ್ಲಿಗಲ್ಲಿ ಹೊಕ್ಕು ಎಣಿಸುತ್ತಾಳೆ;
ಸಾವಿರ ಕಡ್ಡಿಗೆ ಕೂಲಿ ಎಷ್ಟೆಂದು ಅವಳಿಗೆ ಗೊತ್ತು,
ಯಾವ ವರದಿಗೂ ಗೊತ್ತಿಲ್ಲ.
ಮತ್ತೆ ಆ ಪಕ್ಕದ ಎಲೆಯವರು, ಪುಟ್ಟಮಾದು,
ಮಂಡ್ಯದಿಂದ ಪ್ಯಾಸೆಂಜರ್ ರೈಲಿನಲ್ಲಿ
ತೊಡೆಯ ಮೇಲೆ ರಿಜಿಸ್ಟರು ಇಟ್ಟುಕೊಂಡು ಬಂದವರು.

ಮೊದಲ ಕಾಲುಗಂಟೆ ಯಾರ ಮಾತೂ ಯಾರಿಗೂ ಕೇಳಲಿಲ್ಲ.
ಅಭ್ಯಾಸಬಲ. ನಾಲ್ವರೂ ಪಿಸುಗುಟ್ಟುತ್ತಿದ್ದೆವು.
ಲೋಟ ಎತ್ತಲು ಬಂದ ಹುಡುಗ ಬಗ್ಗಿ ಕೇಳಿದ:
"ಯಾಕ್ ಮೇಡಂ, ಯಾರಾದ್ರೂ ತೀರ್ಕೊಂಡ್ರಾ?"

ಗ್ಲಾಡಿಸ್ ನಕ್ಕ ನಗೆಗೆ
ಗಲ್ಲಾದ ಯಜಮಾನರು ಕನ್ನಡಕ ತೆಗೆದು ನೋಡಿದರು.
ಆಮೇಲೆ ತಡೆಯಿರಲಿಲ್ಲ.
ಅಚ್ಚು, ಬಕೆಟ್ಟು, ಕುರಿಕಾಟು ಎಂದು ಪುಟ್ಟಮಾದು
ಬೆಲ್ಲದ ಜಾತಿಗಳನ್ನು ಬೆರಳು ಮಡಚಿ ಎಣಿಸಿದರು;
ರಫ್ತಿನ ಲೆಕ್ಕ ಎಲ್ಲಿ ಸಿಗುತ್ತೆ, ಅಂದಳು ಮುಬೀನಾ;
ನನಗೆ ಗೊತ್ತಿಲ್ಲ, ಅಂದೆ ನಾನು,
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನಾಚದೆ.
ನಂಗೊತ್ತು, ಅಂದರು ಗ್ಲಾಡಿಸ್.
ಯಾರ ಬೀರುವಿನಲ್ಲಿ ಏನಿದೆ ಎಂದು
ಬಿಲ್ಲಿನ ಬೆನ್ನಿಗೆ ಬರೆದೆವು; ಜಾಗ ಸಾಲದೆ
ಇನ್ನೊಂದು ಬಿಲ್ಲಿಗಾಗಿ ಇನ್ನೊಂದು ಕಾಫಿ ತರಿಸಿದೆವು.

ಆ ಹುಡುಗನಿಗೆ ಧಾರಣೆಯ ಪಟ್ಟಿ ಕಳಿಸಿದೆ.
ಪ್ರಬಂಧ ಒಪ್ಪಿಸಿ ಆಯಿತು ಮೇಡಂ, ಎಂದು ಬರೆದ;
ಆ ಆರು ತಿಂಗಳ ಜಾಗಕ್ಕೆ
ಬರೀ ಒಂದು ಅಡ್ಡಗೆರೆ ಎಳೆದನಂತೆ.
ಯಾವುದೋ ಕಪಾಟಿನಲ್ಲಿ ಅದು ಹಾಗೇ ಇರುತ್ತದೆ,
ನನ್ನ ರುಜು ಇಲ್ಲದ ನನ್ನ ಗೆರೆ.

ಇದೆಲ್ಲ ಆಮೇಲಿನ ಮಾತು. ಅವತ್ತು ಏಳುವ ಹೊತ್ತಿಗೆ
ಗ್ಲಾಡಿಸ್ ಪರ್ಸು ತಡಕಿ ಬೀಗದ ಕೈ ತೆಗೆದರು,
ಲೋಟ ಬಿಟ್ಟುಹೋದ ಒದ್ದೆ ಉಂಗುರದ ಮೇಲೆ ಇಟ್ಟರು:
"ವಾಚ್‌ಮನ್ ನನಗೆ ಗುರುತಿನವನೇ.
ಮುಂದಿನ ಸಲ ಅಲ್ಲೇ ಸೇರೋಣ.
ಕರೆಂಟಿಲ್ಲ, ಆದರೆ ಕಿಟಕಿ ದೊಡ್ಡದು.
ಬರುವಾಗ ಯಾರಾದರೂ ಒಂದು ಪೊರಕೆ ತನ್ನಿ."