ಇಷ್ಟೇನಾ

ದಿನಾ ಕೌದಿ ತೋಯಿಸ್ತಿದ್ದಿ,
ಬೈಕೋತ ಬಿಸಲಿಗೆ ಹಾಕ್ತಿದ್ದೆ.
ಇವತ್ತ ಬೀದರ್ ದವಾಖಾನಿ, ರಾತ್ರಿ ಎರಡೂವರೆ,
ನಿನ್ನ ಮೈ ಹಂಚಿನಂಗ ಸುಡ್ತದ,
ನಾ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡ್ಕೊಂಡು
ನಿನ್ನ ಉಚ್ಚಿಗೆ ಕಾಯ್ಕೋತ ಕುಂತೀನಿ.

ಸಲೋಮಿ ಸಿಸ್ಟರ್ ತಣ್ಣೀರಾಗ ಹತ್ತಿ ಅದ್ದಿ
ಕಿಬ್ಬೊಟ್ಟಿ ಮ್ಯಾಲ ಸುತ್ತ ಸುತ್ತ ತಿಕ್ಕಿದಳು.
ನಿಮ್ಮಪ್ಪ ಝರೆಪ್ಪ ಶ್ಶ್ಶ್ ಅಂದ.
ಬಾಜೂ ಪಲ್ಲಂಗದ ಮುದುಕಿ,
ಚೇಳು ಕಡಿದು ಬಂದಾಕಿ,
ತನ್ನ ಉರಿ ಮರೆತು ಶ್ಶ್ಶ್ ಅಂದಳು.
ಕಡೀಕ ಬಾಗಲದಾಗಿನ ವಾಚ್‌ಮನ್ ಸೈತ.
ನೀ ಎಲ್ಲರ ಮಾರಿ ನೋಡಿದಿ,
ಹೊಯ್ಯಲಿಲ್ಲ.

ಆಕಳಿಕಿ ಬಂದು ನಾ ಕಣ್ಣು ಮುಚ್ಚಿದ್ದೇ ತಡ,
ಅರ್ಧ ನನ್ನ ಸೀರಿಗೆ,
ಉಳಿದದ್ದು ಡಬ್ಬಿಗೆ, ಬಿಸಿ ಬಿಸಿ.

ಲ್ಯಾಬಿನ ಕಿಡಕ್ಯಾಗ ಹುಡುಗ
ಬೆಳಕಿಗೆ ಹಿಡಿದು ನೋಡಿ
'ಇಷ್ಟೇನಾ?' ಅಂದ.

ಸೀರಿ ಹಿಂಡಿ ಕೊಡ್ಲೇನಪ್ಪಾ, ಅಂದೆ.