ಎಪ್ಪತ್ತನೆಯ ನಿಮಿಷ

ಕೆರಗೋಡಿನಾಚೆ ತಿಬ್ಬೇಗೌಡರ ಆಲೆಮನೆ.
ಕಾಲೇಜಿನ ಬೀರುವಿನಿಂದ ಸಹಿ ಹಾಕಿ ತಂದ
ಗ್ರಾಫ್ ಕ್ಯಾಲ್ಕುಲೇಟರು ನನ್ನ ಮಡಿಲಲ್ಲಿ,
ಉದ್ದ ಥರ್ಮಾಮೀಟರು ಕೊಪ್ಪರಿಗೆಯ ಕಬ್ಬಿನಹಾಲಲ್ಲಿ.
ಹತ್ತು ನಿಮಿಷಕ್ಕೊಂದು ಅಂಕಿ, ಒಟ್ಟು ಹದಿಮೂರು.

ಮೊದಮೊದಲು ಸರಸರ ಏರಿತು,
ನೂರು ದಾಟಿದ್ದೇ ದಿಬ್ಬ ಕಂಡ ಎತ್ತಿನಂತೆ
ಕಾಲೂರಿ ನಿಂತುಬಿಟ್ಟಿತು.
ಅವರು ನೊರೆ ತೆಗೆದರು, ಬೆಂಡೆಗಿಡದ ಲೋಳೆ ಬಿಟ್ಟರು,
ನಾನು ಕಾದೆ.
ಕೊನೆಗೆ ಮತ್ತೆ ಎದ್ದು ನೂರ ಹದಿನೆಂಟು.
ತಿಬ್ಬೇಗೌಡರು ಒಂದು ತೊಟ್ಟು ತಣ್ಣೀರಲ್ಲಿ ಬಿಟ್ಟು
ಹೆಬ್ಬೆರಳಲ್ಲಿ ಉರುಳಿಸಿ "ಇಳಿಸ್ರಲಾ" ಅಂದರು.
ನನ್ನ ಪಟ್ಟಿ ನೋಡಲೇ ಇಲ್ಲ.

ಸಿಪ್ಪೆರಾಶಿಯ ಮೇಲೆ ಕೂತು ಗುಂಡಿ ಒತ್ತಿದೆ.
ಎರಡನೇ ಘಾತ ಕಮಾನಾಗಿ ಬಾಗಿ
ಬೆಲ್ಲವನ್ನು ಮತ್ತೆ ಹಾಲಾಗಿಸಲು ಹೊರಟಿತು.
ನಾಲ್ಕನೆಯದು ಅತಿಬುದ್ಧಿಯದು,
ಕಂಡ ಕಂಡ ಚುಕ್ಕಿಗೆಲ್ಲ ಸೊಂಟ ತಿರುಗಿಸಿತು.
ಮೂರನೆಯದು ಕೂತಿತು.
"ಘನ ಸಿಕ್ತು" ಎಂದೆ.
"ಗನಾನಾ? ಅಚ್ಚಿಗುಯ್ಯದೆ ಎಲ್ಲಿ ಗನ ಕಣವ್ವ!"

ಆಸೆಗೆ ಅದನ್ನೇ ಮುಂದಕ್ಕೆಳೆದು
ನೂರೆಂಬತ್ತನೇ ನಿಮಿಷ ಕೇಳಿದೆ.
ಇನ್ನೂರರ ಮೇಲೆ ಹೇಳಿತು. ಬರೀ ಇದ್ದಿಲು.
"ಅಷ್ಟೊತ್ಗೆ ಮನೇಲಿ ಮುದ್ದೆ ಉಣ್ತಿರ್ತೀವಿ."

ಆದರೆ ಒಂದು ಚುಕ್ಕಿ.
ಎಪ್ಪತ್ತನೆಯ ನಿಮಿಷ, ತೊಂಬತ್ತಾರು,
ಪಂಕ್ತಿಯಿಂದ ಎದ್ದುಹೋದವರ ಹಾಗೆ
ಗೆರೆಯ ಕೆಳಗೆ ಒಂದೇ ಕೂತಿತ್ತು.
ಅದನ್ನು ತೆಗೆದರೆ ಹೊಂದಿಕೆ ಬಲು ಚೆಂದ.
ಅಳಿಸುವ ಗುಂಡಿಯ ಮೇಲೆ ಬೆರಳು ಇಟ್ಟೂ ಆಗಿತ್ತು.

ಒಲೆಬಾಯಿಗೆ ಸಿಪ್ಪೆ ನೂಕುತ್ತಿದ್ದ ಚನ್ನಾಜಿ
ತಲೆ ಎತ್ತದೆ ಹೇಳಿದಳು:
"ಆಗ ಮಗಳ ಫೋನ್ ಬಂದಿತ್ತು ಮೇಡಂ.
ನರ್ಸಿಂಗ್ ಸೀಟು ಸಿಕ್ತಂತೆ.
ಎಲ್ಡು ನಿಮ್ಸ ಉರಿ ಮರ್ತೋದೆ."

"ಎಲ್ಡಲ್ಲ, ಆರು" ಎಂದರು ತಿಬ್ಬೇಗೌಡರು
ಅಚ್ಚಿನ ಹಲಗೆ ಒರೆಸುತ್ತ.
"ನೊರೆ ಕುಂತ್ಕಂತು. ಕಂಡೂ ಸುಮ್ಕಿದ್ದೆ."

ಅಳಿಸಲಿಲ್ಲ.
ಗೆರೆ ಆ ಜಾಗದಲ್ಲಿ
ಕೂದಲೆಳೆಯಷ್ಟು ಅವಳ ಕಡೆ ತಗ್ಗಿದೆ,
ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಸೋಮವಾರ ಕ್ಯಾಲ್ಕುಲೇಟರು ಬೀರುವಿಗೆ ಮರಳಿಸಿದೆ.
ಮೂರರ ಗುಂಡಿ ಒತ್ತಿದರೆ ಮೇಲೇಳುವುದಿಲ್ಲವಂತೆ;
ಅಟೆಂಡರು ಮೂಸಿ ನೋಡಿ,
"ಏನ್ ಮೇಡಂ, ಬೆಲ್ಲ?" ಅಂದ.